ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೇರಳಾತೀತ ಕಿರಣದ ಉಪಕರಣ: ಅಗತ್ಯವೆಲ್ಲಿ, ಅನಗತ್ಯವೆಲ್ಲಿ

(ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಅಲಂಕಾರಿಕ ಮೀನು ಸಾಕಣೆದಾರರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಅಲಂಕಾರಿಕ ಮೀನು ಸಾಕಣೆಯು ಅಲ್ಪ ಸ್ಥಳದಲ್ಲಿ, ಮನೆಯ ಹಿತ್ತಲಿನಲ್ಲಿಯೂ ಕೈಗೊಳ್ಳಬಹುದಾದ ಉಪಕಸುಬಾಗಿದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲಿನ ಘಟಕಕ್ಕೆ 3 ಲಕ್ಷ ರೂ. ಹಾಗೂ ಮಧ್ಯಮ ಪ್ರಮಾಣದ ಘಟಕಕ್ಕೆ 8 ಲಕ್ಷ ರೂ. ಘಟಕ ವೆಚ್ಚವನ್ನು ನಿಗದಿಪಡಿಸಿ, ಸಾಮಾನ್ಯ ವರ್ಗದವರಿಗೆ ಶೇ. 40ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. ಉಳಿದ ಮೊತ್ತವನ್ನು ಫಲಾನುಭವಿಯೇ ಭರಿಸಬೇಕಾಗುತ್ತದೆ. ಆದುದರಿಂದ ಯಾವ ಉಪಕರಣಕ್ಕೆ ಹಣ ತೊಡಗಿಸಬೇಕು, ಯಾವುದಕ್ಕೆ ಬೇಡ ಎಂಬುದು ಘಟಕದ ಲಾಭನಷ್ಟವನ್ನೇ ನಿರ್ಧರಿಸುವ ಸಂಗತಿಯಾಗಿದೆ. ನೇರಳಾತೀತ (ಯು.ವಿ.) ಕಿರಣದ ಉಪಕರಣವು ಇಂತಹ ಸಂದೇಹಕ್ಕೆ ಎಡೆಮಾಡುವ ಒಂದು ಸಾಧನ.

ಇದಕ್ಕೆ ಉತ್ತರವನ್ನು ಸಂಕ್ಷಿಪ್ತವಾಗಿ ಹೀಗೆ ಹೇಳಬಹುದು: ಒಂದೆರಡು ತೊಟ್ಟಿಗಳ ಗೃಹ ಅಕ್ವೇರಿಯಂಗೆ ಈ ಉಪಕರಣವು ಅವಶ್ಯವಲ್ಲ. ಅನೇಕ ತೊಟ್ಟಿಗಳಿಗೆ ಒಂದೇ ನೀರು ಸುತ್ತುವ ಘಟಕಗಳಲ್ಲಿ ಇದು ಉಪಯುಕ್ತ. ಆದರೆ ಎಲ್ಲಿಯೂ ಇದು ಪ್ರತ್ಯೇಕ ನಿಗಾ ತೊಟ್ಟಿಗೆ ಬದಲಿಯಾಗಲಾರದು.

2. ಉಪಕರಣವು ಕಾರ್ಯನಿರ್ವಹಿಸುವ ವಿಧಾನ

ಉಪಕರಣದೊಳಗಿನ ದೀಪವು ಸುಮಾರು 254 ನ್ಯಾನೋಮೀಟರ್ ತರಂಗಾಂತರದ ಕಿರಣವನ್ನು ಹೊರಸೂಸುತ್ತದೆ. ದೀಪವನ್ನು ಆವರಿಸಿದ ಸ್ಫಟಿಕ ಗಾಜಿನ ಕೊಳವೆಯ ಸುತ್ತ ನೀರು ಹರಿಯುವಾಗ, ಅದರಲ್ಲಿರುವ ಸೂಕ್ಷ್ಮಜೀವಿಗಳ ವಂಶವಾಹಿ ದ್ರವ್ಯವು ಹಾನಿಗೊಂಡು ಅವು ವೃದ್ಧಿಯಾಗುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಕಿರಣವು ನೀರಿನಲ್ಲಿ ಯಾವ ಶೇಷವನ್ನೂ ಉಳಿಸುವುದಿಲ್ಲ. ಹೀಗಾಗಿ ದೀಪದ ಮುಂದೆ ಹಾದುಹೋದ ಜೀವಿಗೆ ಮಾತ್ರ ಇದರ ಪರಿಣಾಮ ತಟ್ಟುತ್ತದೆ. ಮೀನಿನ ಮೈಮೇಲೆ, ತೊಟ್ಟಿಯ ತಳದಲ್ಲಿ ಅಥವಾ ಗಿಡಗಳ ಎಲೆಗಳ ಮೇಲೆ ಇರುವ ಜೀವಿಗಳನ್ನು ಅದು ಮುಟ್ಟುವುದಿಲ್ಲ.

ಪರಿಣಾಮವು ದೀಪದ ಶಕ್ತಿ ಹಾಗೂ ನೀರು ಅದರ ಎದುರು ಇರುವ ಅವಧಿ ಇವೆರಡನ್ನೂ ಅವಲಂಬಿಸಿದೆ. ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿದಲ್ಲಿ ನೀರಿಗೆ ದೊರೆಯುವ ಕಿರಣದ ಪ್ರಮಾಣವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನೀರಿನಲ್ಲಿ ತೇಲುವ ಬಹುತೇಕ ರೋಗಕಾರಕ ಬ್ಯಾಕ್ಟೀರಿಯಾಗಳಿಗೆ ಪ್ರತಿ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್‌ಗಿಂತ ಕಡಿಮೆ ಪ್ರಮಾಣವೇ ಸಾಕು. ಬಿಳಿಚುಕ್ಕೆ ರೋಗದ ಪರಾವಲಂಬಿಗೆ ಸುಮಾರು 100 ಮಿಲಿಜೌಲ್ ಬೇಕು. ಆದುದರಿಂದ ದೀಪದ ವ್ಯಾಟ್ ಒಂದನ್ನೇ ನೋಡಿ ಖರೀದಿಸದೆ, ಯಾವ ಹರಿವಿನಲ್ಲಿ ಎಷ್ಟು ಪ್ರಮಾಣ ದೊರೆಯುತ್ತದೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯತಕ್ಕದ್ದು.

3. ಇದರಿಂದ ಆಗುವ ಪ್ರಯೋಜನಗಳು

(ಅ) ತೇಲುಪಾಚಿಯಿಂದ ಹಸಿರುಗಟ್ಟಿದ ನೀರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ.
(ಆ) ಒಂದು ತೊಟ್ಟಿಯ ರೋಗವು ಸುತ್ತುನೀರಿನ ಮೂಲಕ ಮತ್ತೊಂದು ತೊಟ್ಟಿಗೆ ಹರಡುವ ಸಂಭವ ಕಡಿಮೆಯಾಗುತ್ತದೆ.
(ಇ) ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾಗಳ ಸಂಖ್ಯೆ ತಗ್ಗುತ್ತದೆ. ಅಮೋನಿಯಾವನ್ನು ಪರಿವರ್ತಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಶೋಧಕದ ಮಾಧ್ಯಮಕ್ಕೆ ಅಂಟಿಕೊಂಡಿರುವುದರಿಂದ ಅವುಗಳಿಗೆ ಧಕ್ಕೆಯಾಗುವುದಿಲ್ಲ.

4. ಇದರಿಂದ ಆಗದ ಕೆಲಸಗಳು

ಅಮೋನಿಯಾ, ನೈಟ್ರೈಟ್ ಹಾಗೂ ನೈಟ್ರೇಟ್‌ಗಳನ್ನು ಈ ಉಪಕರಣವು ತೆಗೆಯುವುದಿಲ್ಲ. ಅತಿಯಾದ ಆಹಾರ, ಅತಿಯಾದ ಮೀನಿನ ಸಾಂದ್ರತೆ ಹಾಗೂ ಶೋಧಕದ ಕೊರತೆಯಿಂದ ಮೀನುಗಳು ಸಾಯುತ್ತಿದ್ದಲ್ಲಿ ಯು.ವಿ. ದೀಪವು ಅವುಗಳನ್ನು ಉಳಿಸಲಾರದು. ಮೀನಿನ ಹೇನು, ಲಂಗರು ಹುಳು ಮುಂತಾದ ದೊಡ್ಡ ಪರಾವಲಂಬಿಗಳು ಮೀನಿನ ಮೈಗೆ ಅಂಟಿಕೊಂಡೇ ಬರುತ್ತವೆಯಾದ್ದರಿಂದ ಅವುಗಳಿಗೂ ಇದು ಪರಿಹಾರವಲ್ಲ.

ಬಿಳಿಚುಕ್ಕೆ ರೋಗದ ಉದಾಹರಣೆಯನ್ನು ಗಮನಿಸಬಹುದು. ಇದರ ಪರಾವಲಂಬಿಯು ಮೊದಲು ಮೀನಿನ ಚರ್ಮದೊಳಗೆ ಬೆಳೆಯುತ್ತದೆ. ಬಳಿಕ ಉದುರಿ ತೊಟ್ಟಿಯ ತಳದಲ್ಲಿ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜಿ ಮತ್ತೆ ಮೀನನ್ನು ಸೇರುತ್ತವೆ. ನೀರಿನ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದಾಗ ಈ ಚಕ್ರವು ಸುಮಾರು ಒಂದು ವಾರದೊಳಗೆ ಪೂರ್ಣಗೊಳ್ಳುತ್ತದೆ. ಮೂರು ಹಂತಗಳಲ್ಲಿ ಈಜುವ ಹಂತ ಮಾತ್ರ ದೀಪದ ಎದುರು ಬರುತ್ತದೆ. ಅದೇ ತೊಟ್ಟಿಯಲ್ಲಿ ಪಕ್ಕದ ಮೀನು ದೀಪಕ್ಕಿಂತ ಹತ್ತಿರದಲ್ಲಿರುವುದರಿಂದ ಅನೇಕ ಮರಿಗಳು ಮೊದಲು ಮೀನನ್ನೇ ತಲುಪುತ್ತವೆ. ಈ ಕಾರಣದಿಂದ ಉಪಕರಣವು ತೊಟ್ಟಿಯಿಂದ ತೊಟ್ಟಿಗೆ ರೋಗ ದಾಟುವುದನ್ನು ತಡೆಯಬಲ್ಲದೇ ಹೊರತು, ರೋಗ ತಗುಲಿದ ತೊಟ್ಟಿಯನ್ನು ಗುಣಪಡಿಸಲಾರದು.

5. ಸ್ಥಳೀಯ ನೀರಿನ ಮೂಲಗಳು ಮತ್ತು ಹವಾಮಾನ

ಬಳ್ಳಾರಿ ನಗರ: ತುಂಗಭದ್ರಾ ಕಾಲುವೆಯ ನೀರನ್ನು ಅಲ್ಲೀಪುರ ಕೆರೆಯಲ್ಲಿ ಸಂಗ್ರಹಿಸಿ, ಶುದ್ಧೀಕರಿಸಿ ನಗರಕ್ಕೆ ಪೂರೈಸಲಾಗುತ್ತದೆ. ನಲ್ಲಿ ನೀರಿನಲ್ಲಿ ಮೀನಿಗೆ ಅಪಾಯಕಾರಿಯಾದುದು ಕ್ಲೋರಿನ್. ಅಕ್ವೇರಿಯಂನ ಸಣ್ಣ ಯು.ವಿ. ದೀಪವನ್ನು ಕ್ಲೋರಿನ್ ನಿವಾರಣೆಗೆ ನಂಬುವಂತಿಲ್ಲ. ನೀರನ್ನು ಗಾಳಿಯಾಡಿಸುತ್ತ 24 ಗಂಟೆ ಇರಿಸುವುದು ಅಥವಾ ಸೋಡಿಯಂ ಥಯೋಸಲ್ಫೇಟ್ ಬಳಸುವುದು ಸೂಕ್ತ.

ಸಿರುಗುಪ್ಪ: ಭತ್ತದ ಗದ್ದೆಗಳ ನಡುವೆ ಹರಿಯುವ ಕಾಲುವೆ ಅಥವಾ ನದಿಯ ನೀರನ್ನು ಬಳಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಮಳೆಗಾಲದ ಕೆಂಪು ನೀರಿನಲ್ಲಿ ಮಣ್ಣಿನ ಕಣಗಳು ಕಿರಣವನ್ನು ತಡೆಯುತ್ತವೆ. ನೀರನ್ನು ತಂಗಿಸಿ, ಸೋಸದೆ ದೀಪಕ್ಕೆ ಹಾಯಿಸುವುದು ವ್ಯರ್ಥ. ಗದ್ದೆಗಳಿಂದ ಬಸಿದುಬಂದ ಕೀಟನಾಶಕದ ಅಂಶವು ನೀರಿನಲ್ಲಿದ್ದಲ್ಲಿ ಅದಕ್ಕೂ ಈ ಉಪಕರಣವು ಪರಿಹಾರವಲ್ಲ. ಔಷಧ ಸಿಂಪಡಣೆಯ ದಿನಗಳಲ್ಲಿ ಅಂತಹ ನೀರನ್ನು ತೊಟ್ಟಿಗೆ ಸೇರಿಸಬಾರದು.

ಕುರುಗೋಡು: ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ತಿಳಿಯಾಗಿದ್ದು ಅದರಲ್ಲಿ ಮೀನಿನ ರೋಗಾಣುಗಳು ವಿರಳ. ಹೀಗಾಗಿ ನೀರು ತುಂಬಿಸುವ ಹಂತದಲ್ಲಿ ಕಿರಣದ ಅಗತ್ಯವಿಲ್ಲ. ನೀರು ಗಡಸಾಗಿದ್ದಲ್ಲಿ ಸ್ಫಟಿಕ ಕೊಳವೆಯ ಮೇಲೆ ಸುಣ್ಣದ ಪದರ ಕಟ್ಟಿ ಕಿರಣ ಮಸುಕಾಗುತ್ತದೆ. ಅದನ್ನು ಕಾಲಕಾಲಕ್ಕೆ ನಿಂಬೆರಸ ಅಥವಾ ವಿನಿಗರ್‌ನಿಂದ ಒರೆಸಿ ತೊಳೆಯತಕ್ಕದ್ದು.

ಬೇಸಿಗೆ: ಈ ಭಾಗದಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿಯನ್ನು ಮೀರುವುದುಂಟು. ನೀರಿನಲ್ಲಿ ಕರಗಬಲ್ಲ ಆಮ್ಲಜನಕವು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಇದ್ದು, 35 ಡಿಗ್ರಿಯಲ್ಲಿ ಸುಮಾರು 7 ಮಿಲಿಗ್ರಾಂಗೆ ಇಳಿಯುತ್ತದೆ. ದೀಪವೂ ನೀರಿಗೆ ತನ್ನ ಶಾಖವನ್ನು ಸೇರಿಸುತ್ತದೆ. ಆದುದರಿಂದ ಬೇಸಿಗೆಯಲ್ಲಿ ನೆರಳು, ವಾಯುಪೂರಣ ಹಾಗೂ ಕಡಿಮೆ ಮೀನಿನ ಸಾಂದ್ರತೆಗೆ ಮೊದಲ ಆದ್ಯತೆ ನೀಡಬೇಕು.

6. ಯಾರಿಗೆ ಅಗತ್ಯ?

ಗೃಹ ಬಳಕೆದಾರರು: ಅಗತ್ಯವಿಲ್ಲ. ನೀರು ಹಸಿರುಗಟ್ಟಿದಲ್ಲಿ ಮೊದಲು ತೊಟ್ಟಿಯನ್ನು ನೇರ ಬಿಸಿಲಿನಿಂದ ಸರಿಸಿ, ಆಹಾರವನ್ನು ಮಿತಗೊಳಿಸಿ, ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಬೇಕು.

ಬಿಡಿ ತೊಟ್ಟಿಗಳ ಹಿತ್ತಲಿನ ಘಟಕಗಳು: ಪ್ರತಿ ತೊಟ್ಟಿಗೂ ಪ್ರತ್ಯೇಕ ನೀರು ಇರುವುದರಿಂದ ಅಗತ್ಯವಿಲ್ಲ. ಅದೇ ಹಣದಲ್ಲಿ ಪ್ರತ್ಯೇಕ ಬಲೆ, ಬಕೆಟ್‌ಗಳನ್ನೂ ಒಂದು ನಿಗಾ ತೊಟ್ಟಿಯನ್ನೂ ಹೊಂದುವುದು ಲಾಭದಾಯಕ.

ಸುತ್ತುನೀರಿನ ಘಟಕಗಳು ಹಾಗೂ ವಿವಿಧೆಡೆಯಿಂದ ಮೀನು ತರಿಸುವ ಮಾರಾಟ ಮಳಿಗೆಗಳು: ಉಪಯುಕ್ತ. ಉಪಕರಣವನ್ನು ಶೋಧಕದ ನಂತರ, ನೀರು ತೊಟ್ಟಿಗಳಿಗೆ ಮರಳುವ ಮುನ್ನ ಅಳವಡಿಸಬೇಕು.

7. ಬಳಕೆ ಮತ್ತು ಸುರಕ್ಷತೆ

(ಅ) ಸತತವಾಗಿ ಉರಿಯುವ 11 ವ್ಯಾಟ್ ದೀಪವು ತಿಂಗಳಿಗೆ ಸುಮಾರು 8 ಯೂನಿಟ್ ವಿದ್ಯುತ್ ಬಳಸುತ್ತದೆ.
(ಆ) ದೀಪದ ಉಪಯುಕ್ತ ಆಯುಷ್ಯ ಸಾಮಾನ್ಯವಾಗಿ 8,000ದಿಂದ 9,000 ಗಂಟೆ, ಅಂದರೆ ಸುಮಾರು ಒಂದು ವರ್ಷ. ನೀಲಿ ಬೆಳಕು ಕಾಣುತ್ತಿದ್ದರೂ ಕಿರಣದ ಶಕ್ತಿ ಕುಂದಿರುತ್ತದೆ. ಅಳವಡಿಸಿದ ದಿನಾಂಕವನ್ನು ಉಪಕರಣದ ಮೇಲೆ ಬರೆದಿಡುವುದು.
(ಇ) ನೀರಿಗೆ ಔಷಧ ಸೇರಿಸಿದಾಗ ದೀಪವನ್ನು ಆರಿಸುವುದು. ಕಿರಣವು ಕೆಲವು ಔಷಧಗಳನ್ನು ವಿಘಟಿಸುತ್ತದೆ.
(ಈ) ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬಾರದು. ಕಣ್ಣು ಮತ್ತು ಚರ್ಮಕ್ಕೆ ಹಾನಿಯಾಗುತ್ತದೆ. ವಿದ್ಯುತ್ ಸಂಪರ್ಕ ತೆಗೆದ ನಂತರವೇ ಉಪಕರಣವನ್ನು ಬಿಚ್ಚುವುದು.
(ಉ) ದೀಪದಲ್ಲಿ ಪಾದರಸವಿದೆ. ಹಳೆಯ ದೀಪವನ್ನು ಮನೆಯ ಕಸದೊಂದಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಣೆಗೆ ನೀಡತಕ್ಕದ್ದು.

8. ಅರ್ಜಿದಾರರ ಗಮನಕ್ಕೆ

ಘಟಕದ ಅಂದಾಜು ಪಟ್ಟಿಯನ್ನು ತಯಾರಿಸುವಾಗ ಆದ್ಯತೆಯ ಕ್ರಮವು ಹೀಗಿರಲಿ: ನೀರಿನ ಪರೀಕ್ಷೆ, ಜೈವಿಕ ಶೋಧಕ, ವಾಯುಪೂರಣ ಯಂತ್ರ, ನಿಗಾ ತೊಟ್ಟಿ, ಇವೆಲ್ಲದರ ನಂತರ, ಸುತ್ತುನೀರಿನ ವ್ಯವಸ್ಥೆ ಇದ್ದಲ್ಲಿ ಮಾತ್ರ, ಯು.ವಿ. ಉಪಕರಣ. ಹೊಸದಾಗಿ ತಂದ ಮೀನುಗಳನ್ನು ಕನಿಷ್ಠ 3 ವಾರ ನಿಗಾ ತೊಟ್ಟಿಯಲ್ಲಿರಿಸಿ, ರೋಗಲಕ್ಷಣಗಳಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಇತರ ಮೀನುಗಳೊಂದಿಗೆ ಸೇರಿಸಬೇಕು. ಹೊರಗಿನಿಂದ ತಂದ ಒಂದೇ ರೋಗಗ್ರಸ್ತ ಮೀನು ಇಡೀ ಘಟಕದ ದಾಸ್ತಾನನ್ನು ನಾಶಮಾಡಬಲ್ಲದು. ಅದನ್ನು ಬಾಗಿಲಲ್ಲೇ ತಡೆಯುವ ಸಾಧನ ನಿಗಾ ತೊಟ್ಟಿಯೇ ಹೊರತು ದೀಪವಲ್ಲ.

ಪ್ರಸಕ್ತ ಸಾಲಿನಲ್ಲಿ ಲಭ್ಯವಿರುವ ಸಹಾಯಧನ, ಅರ್ಹತೆ ಹಾಗೂ ಅಗತ್ಯ ದಾಖಲೆಗಳ ಬಗ್ಗೆ ಸಾರ್ವಜನಿಕರು ಉಪಕರಣಗಳನ್ನು ಖರೀದಿಸುವುದಕ್ಕೆ ಮುಂಚಿತವಾಗಿಯೇ ತಮ್ಮ ತಾಲ್ಲೂಕಿನ ಮೀನುಗಾರಿಕೆ ಕಚೇರಿಯನ್ನು ಸಂಪರ್ಕಿಸಿ ಮಾಹಿತಿ ಪಡೆಯಲು ಕೋರಲಾಗಿದೆ.