ಪೆನುಕೊಂಡದ ಬಂಡೆ, ನಮ್ಮೂರಿನ ಮುರಕಲ್ಲು

ಹಿಂದೂಪುರದಿಂದ ಉತ್ತರಕ್ಕೆ ಹೊರಟ ರೈಲು ಪೆನುಕೊಂಡವನ್ನು ಸಮೀಪಿಸಿದಾಗ ಬಂಡೆಗಳಿಂದ ತುಂಬಿದ ಬೆಟ್ಟವೊಂದು ಕಣ್ಣಿಗೆ ಬೀಳುತ್ತದೆ. 1565ರ ರಕ್ಕಸತಂಗಡಿ ಯುದ್ಧದ ಬಳಿಕ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಕೋಟೆಯಿದು. ಚರಿತ್ರೆಯ ಅಧ್ಯಾಪಕರಿಗೆ ಇಲ್ಲಿರುವುದು ಕೆಲವು ಶತಮಾನಗಳ ಪಾಠ. ವಿಜ್ಞಾನದ ಅಧ್ಯಾಪಕರಿಗಾದರೋ ಸುಮಾರು 250 ಕೋಟಿ ವರ್ಷಗಳ ಪಾಠ.

ಶಿಲೆಯನ್ನು ಕರಿಹಲಗೆಯ ಮೇಲೆ ಬರೆದು ಕಲಿಸಲು ಬರುವುದಿಲ್ಲ. ಅಧ್ಯಾಪಕರ ತರಬೇತಿ ಸಭಾಂಗಣದಲ್ಲೇ ಮುಗಿದರೆ ಮಕ್ಕಳ ಪಾಲಿಗೆ ಬರುವುದೂ ಬರಿಯ ಮಾತೇ. ಅದೇ ಒಂದು ಭೂತಗನ್ನಡಿ ಹಿಡಿದು ಈ ಬೆಟ್ಟದ ಬುಡದಲ್ಲಿ ನಿಂತರೆ, ಗ್ರಾನೈಟಿನ ಚೂರಿನಲ್ಲಿ ಬೆಣಚುಕಲ್ಲಿನ ಹರಳು, ಕಾಗೆಬಂಗಾರದ ಮಿನುಗು, ಫೆಲ್ಡ್‌ಸ್ಪಾರಿನ ನಸುಗೆಂಪು ಎಲ್ಲವೂ ಕಾಣುತ್ತವೆ. ಬಿರುಕಿಗಿಳಿದ ನೀರು ಬಂಡೆಯ ಮೂಲೆಗಳನ್ನು ಸವೆಸಿ ಗುಂಡಗಾಗಿಸಿದ್ದೂ ಅರ್ಥವಾಗುತ್ತದೆ.

ಇನ್ನು ನಮ್ಮ ಪದವುಗಳ ಮುರಕಲ್ಲನ್ನು ನೋಡಿ. ಅದೂ ಒಂದು ಕಾಲದಲ್ಲಿ ಗಟ್ಟಿ ಶಿಲೆಯೇ. ಬಿಸಿಲು, ಜಡಿಮಳೆ ಸೇರಿ ಸಿಲಿಕವನ್ನು ತೊಳೆದೊಯ್ದವು. ಕಬ್ಬಿಣ, ಅಲ್ಯುಮಿನಿಯಂಗಳ ಅಂಶ ಉಳಿಯಿತು. ಪೆನುಕೊಂಡದ ಕಡೆ ಮಳೆ ಕಡಿಮೆ. ಅಲ್ಲಿ ಬಂಡೆ ಬಂಡೆಯಾಗಿಯೇ ನಿಂತಿತು. 1807ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲನ್ನು ನೋಡಿ. ಈ ಕಲ್ಲನ್ನೇ ಕೊರೆದು ಸುರಂಗದಿಂದ ನೀರು ಪಡೆದ ನಮ್ಮ ಹಿರಿಯರಿಗೆ ಅದರ ಗುಣ ಮೊದಲೇ ಗೊತ್ತಿತ್ತು.

ಆಕಾಶದ ಪಾಠಕ್ಕೆ ಒಂದು ಮೀಟರ್ ಉದ್ದದ ಕೋಲು ಸಾಕು. ಹಗಲಿರುಳು ಸಮವಾಗುವ ದಿನ, ಸೂರ್ಯ ಅತಿ ಎತ್ತರದಲ್ಲಿರುವಾಗ, ಕಾಸರಗೋಡಿನಲ್ಲಿ ಅದರ ನೆರಳು ಸುಮಾರು 22 ಸೆಂಟಿಮೀಟರ್, ಪೆನುಕೊಂಡದಲ್ಲಿ 25. ಮೂರೇ ಸೆಂಟಿಮೀಟರಿನ ಈ ಅಂತರ ಸುಮಾರು 1.6 ಡಿಗ್ರಿ ಕೋನಕ್ಕೆ ಸಮ. ಪೆನುಕೊಂಡವು ನಮಗಿಂತ ಉತ್ತರಕ್ಕೆ ಸುಮಾರು 175 ಕಿಲೋಮೀಟರ್. 360ನ್ನು 1.6ರಿಂದ ಭಾಗಿಸಿ 175ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಎರಡು ಊರಿನ ಕನ್ನಡ ಅಧ್ಯಾಪಕರು ಒಂದೇ ದಿನ ಅಳೆದು ಲೆಕ್ಕ ಹಾಕಿದರೆ ಎರಡೂ ಶಾಲೆಗಳ ಮಕ್ಕಳು ಭೂಮಿಯನ್ನೇ ಅಳೆದಂತಾಯಿತು.

ಹಿಂದೂಪುರದಿಂದ ಬೆಂಗಳೂರಿನ ಹಾದಿಯಲ್ಲಿ ಗೌರಿಬಿದನೂರು ಇದೆ. ಅಲ್ಲಿ 1965ರಲ್ಲಿ ನೆಲದ ಕಂಪನ ಹಿಡಿಯುವ ಯಂತ್ರಗಳ ಸಾಲು, 1976ರಲ್ಲಿ ರೇಡಿಯೊ ದೂರದರ್ಶಕ ಸ್ಥಾಪನೆಯಾದವು. ಒಂದು ನೆಲಕ್ಕೆ ಕಿವಿಗೊಟ್ಟಿದ್ದು, ಇನ್ನೊಂದು ಬಾನಿಗೆ.

ಬೆಣಚುಕಲ್ಲು, ಕಾಗೆಬಂಗಾರ, ಮುರಕಲ್ಲು ಇವು ಮಗು ಮನೆಯಿಂದಲೇ ತರುವ ಮಾತುಗಳು. ಅವುಗಳಿಗೆ ತರಗತಿಯಲ್ಲಿ ಜಾಗ ಸಿಗಬೇಕಾದರೆ ಅಧ್ಯಾಪಕರಿಗೆ ಕನ್ನಡವೂ ಗೊತ್ತಿರಬೇಕು, ಕಲ್ಲೂ ಗೊತ್ತಿರಬೇಕು. ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಕೇಳುವ ನಾವು ಅವರಿಗೆ ವರ್ಷಕ್ಕೆ ಎರಡು ದಿನದ ಹೊರಸಂಚಾರದ ತರಬೇತಿಯನ್ನೂ ಕೇಳಬೇಕು. ಪೆನುಕೊಂಡ ದೂರವೆನಿಸಿದರೆ ಶಾಲೆಯ ಹಿಂದಿನ ಪದವಿನಿಂದಲೇ ಆರಂಭವಾಗಲಿ.