ಪಿಸಿಓಎಸ್ ಇದ್ದರೆ ಪಾಸ್ತಾ ಬಿಡಬೇಕೆ?

ಪ್ರಶ್ನೆ: ಮಗಳಿಗೆ ಪಿಸಿಓಎಸ್ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಅವಳಿಗೋ ಪಾಸ್ತಾ ಎಂದರೆ ಪ್ರಾಣ. ಪೂರ್ತಿ ನಿಲ್ಲಿಸಬೇಕೆ?

ಉತ್ತರ: ಬೇಡಮ್ಮ, ನಿಲ್ಲಿಸಬೇಡಿ. ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರು) ಇರುವ ಅನೇಕರಲ್ಲಿ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಅದು ಅಂಡಾಶಯವನ್ನು ಕೆಣಕಿ, ಗಂಡು ಹಾರ್ಮೋನು ಹೆಚ್ಚುವಂತೆ ಮಾಡುತ್ತದೆ. ಸಕ್ಕರೆ ಏರಿದಷ್ಟೂ ಇನ್ಸುಲಿನ್ ಹೆಚ್ಚುತ್ತದೆ; ಊಟವಾದ ಮೇಲೆ ರಕ್ತದ ಸಕ್ಕರೆ ದಿಢೀರನೆ ಏರದಂತೆ ನೋಡಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಈ ವಿಷಯದಲ್ಲಿ ಪಾಸ್ತಾಕ್ಕೆ ಬಂದಿರುವಷ್ಟು ಕೆಟ್ಟ ಹೆಸರು ನ್ಯಾಯವಲ್ಲ. ಡ್ಯೂರಮ್ ಗೋಧಿಯ ಪಾಸ್ತಾದಲ್ಲಿ ಪಿಷ್ಟದ ಕಣಗಳು ಪ್ರೋಟೀನಿನ ಬಲೆಯೊಳಗೆ ಸಿಕ್ಕಿಕೊಂಡಿರುವುದರಿಂದ ಅದು ಬಿಳಿ ಬ್ರೆಡ್ಡಿಗಿಂತ ನಿಧಾನವಾಗಿ ಜೀರ್ಣವಾಗುತ್ತದೆ. ಮೆತ್ತಗೆ ಬೇಯಿಸಿದರೆ ಆ ಬಲೆ ಸಡಿಲಗೊಳ್ಳುತ್ತದೆ. ಹಲ್ಲಿಗೆ ತುಸು ಗಟ್ಟಿ ಸಿಗುವಾಗಲೇ ನೀರು ಬಸಿದುಬಿಡಿ. ಅಂಗಡಿಯಲ್ಲಿ ಪೊಟ್ಟಣದ ಹಿಂಭಾಗ ಓದಿ, ಮೈದಾದ್ದಾದರೆ ಬೇಡ. ತೌಡು ತೆಗೆಯದ ಇಡೀ ಗೋಧಿಯದ್ದು ಸಿಕ್ಕರೆ ಇನ್ನೂ ಒಳ್ಳೆಯದು, ನಾರು ಹೆಚ್ಚು.

ಒಬ್ಬರಿಗೆ ಒಣ ಪಾಸ್ತಾ 50 ಗ್ರಾಂ ಸಾಕು. ತಟ್ಟೆ ತುಂಬಬೇಕಾದದ್ದು ತರಕಾರಿ. ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಹುರುಳಿಕಾಯಿ, ದೊಣ್ಣೆಮೆಣಸಿನಕಾಯಿ, ಅಣಬೆ ಹಾಕಿ ದೊಡ್ಡ ಉರಿಯಲ್ಲಿ ಹುರಿಯಿರಿ. ಹೆಚ್ಚಿದ ಟೊಮೆಟೊ ಕರಗಿದ ಮೇಲೆ ಪಾಲಕ್ ಸೊಪ್ಪು, ಒಂದು ಹಿಡಿ ಬೆಂದ ಕಡಲೆಕಾಳು ಅಥವಾ ಪನೀರ್ ಸೇರಿಸಿ. ಈ ಕಾಳು ಅಥವಾ ಪನೀರನ್ನು ಮಾತ್ರ ಬಿಡಬೇಡಿ. ಪ್ರೋಟೀನು ಹೊಟ್ಟೆಯನ್ನು ತುಂಬಾ ಹೊತ್ತು ತಣಿಸಿಡುತ್ತದೆ. ಕೊನೆಗೆ ಪಾಸ್ತಾ, ಕಾಳುಮೆಣಸು. ಬಾಟಲಿಯ ಕೆಚಪ್ ಹಾಕಬೇಡಿ, ಅದರಲ್ಲಿ ಸಕ್ಕರೆ ಜಾಸ್ತಿ. ಡಾಕ್ಟರು ಕೊಟ್ಟ ಮಾತ್ರೆಗಳಿದ್ದರೆ ಅವು ಹಾಗೆಯೇ ಮುಂದುವರಿಯಲಿ.