ಹಾಡುವ ಹುಡುಗ, ಹತ್ತಿ ಬಿಡಿಸುವ ಹುಡುಗ

ಶಾಲೆಯ ಗ್ಯಾದರಿಂಗ್ ಬಂತೆಂದರೆ ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಾಗಲಿ ಸಿನಿಮಾ ಹಾಡಿಲ್ಲದೆ ಕಾರ್ಯಕ್ರಮ ಮುಗಿಯುವುದಿಲ್ಲ. ಪುಟ್ಟ ಹುಡುಗನೊಬ್ಬ ಮೈಕಿನ ಮುಂದೆ ನಿಂತು, ಕೈಲಾಸ ಸೇರಿದ ಶಿವನ ಕುರಿತ ಆ ಹಳೆಯ ಹಾಡನ್ನು ಎತ್ತಿಕೊಂಡರೆ ಸಾಕು, ಹಿಂದೆ ಕುಳಿತ ಅಜ್ಜ-ಅಜ್ಜಿಯರೂ ತಲೆದೂಗುತ್ತಾರೆ.

ಆ ಹಾಡು 1982ರ ‘ಚಲಿಸುವ ಮೋಡಗಳು’ ಚಿತ್ರದ್ದು. ಪ್ರೀತಿ, ಮುನಿಸು, ನಗು, ಹಾಡು ಎಲ್ಲವೂ ಹದವಾಗಿ ಬೆರೆತ, ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ. ರಾಜ್‌ಕುಮಾರ್, ಅಂಬಿಕಾ, ಸರಿತಾ ಮುಖ್ಯ ಪಾತ್ರಗಳಲ್ಲಿದ್ದರು. ಸಾಹಿತ್ಯ ಚಿ. ಉದಯಶಂಕರ್ ಅವರದು, ಸಂಗೀತ ರಾಜನ್-ನಾಗೇಂದ್ರ ಜೋಡಿಯದು. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ತೆಲುಗಿನವರು. ಮುಂದೆ 1987ರಲ್ಲಿ ಮಾತೇ ಇಲ್ಲದ ‘ಪುಷ್ಪಕ ವಿಮಾನ’ದಿಂದ ನಾಡನ್ನೆಲ್ಲ ನಗಿಸಿದವರು. ಕನ್ನಡ-ತೆಲುಗು ಎರಡನ್ನೂ ಬಲ್ಲ ಗಡಿಭಾಗದ ರಾಯಚೂರಿಗೆ ಇಂಥ ಕೊಡುಕೊಳ್ಳುವಿಕೆ ಹೊಸದಲ್ಲ.

ಆದರೆ ಚಿತ್ರ ನೆನೆದಾಗ ಮೊದಲು ಕಣ್ಮುಂದೆ ಬರುವವನು ಆ ಪುಟ್ಟ ಹುಡುಗ. ಆಗ ಆತ ಮಾಸ್ಟರ್ ಲೋಹಿತ್. ನಂತರ ನಾಡಿಗೆಲ್ಲ ಪ್ರಿಯನಾದ ಪುನೀತ್ ರಾಜ್‌ಕುಮಾರ್. ಹುಟ್ಟಿದ್ದು 1975ರ ಮಾರ್ಚ್ 17ರಂದು. ಮಕ್ಕಳ ಪಾತ್ರಕ್ಕೆ ಎಸ್. ಜಾನಕಿಯವರಂಥ ಗಾಯಕಿಯರು ದನಿ ಸಣ್ಣ ಮಾಡಿಕೊಂಡು ಹಾಡುತ್ತಿದ್ದ ಕಾಲವದು. ಈ ಹುಡುಗನಾದರೋ ತನ್ನ ಹಾಡನ್ನು ತಾನೇ ಹಾಡಿದ. ಕೇಳುವವರಿಗೆ ಅದು ನಮ್ಮ ಮನೆಯ ಕೂಸೇ ಹಾಡಿದಂತೆ ಅನಿಸಿತು. 1982-83ರ ರಾಜ್ಯ ಸರ್ಕಾರದ ಅತ್ಯುತ್ತಮ ಬಾಲನಟ ಪ್ರಶಸ್ತಿಯೂ ಅವನಿಗೇ ಬಂತು.

ಮೂರು ವರ್ಷಗಳ ನಂತರ ಅದೇ ಹುಡುಗ ಬೇರೊಂದು ಬಾಲ್ಯವನ್ನು ತೆರೆಗೆ ತಂದ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ, 1985ರ ‘ಬೆಟ್ಟದ ಹೂವು’ ಚಿತ್ರದ ರಾಮು ಬಡವರ ಮನೆಯ ಹುಡುಗ. ಶಾಲೆಯ ಮೇಲೆ ಪ್ರಾಣ, ಆದರೆ ದುಡಿಯದೆ ವಿಧಿಯಿಲ್ಲ. ಬೆಟ್ಟದ ಹೂವು ಆಯ್ದು ಮಾರಿ, ಕುವೆಂಪು ಅವರ ರಾಮಾಯಣ ಕೊಳ್ಳಬೇಕೆಂದು ಕಾಸು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡು ಮನೆಯವರ ಚಳಿ ನೀಗುವ ಕಂಬಳಿಗೆ ಹೋಗುತ್ತದೆ. ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ನಗುವ, ಹಾಡುವ ಹುಡುಗ ಒಬ್ಬ. ದುಡಿಯುವ ರಾಮು ಇನ್ನೊಬ್ಬ. ದೇವದುರ್ಗ, ಮಾನ್ವಿಯ ಶಾಲೆಗಳಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹತ್ತಿ ಬಿಡಿಸುವ ಕಾಲ ಬಂದಾಗ ಒಬ್ಬ ಉಳಿಯುತ್ತಾನೆ, ಇನ್ನೊಬ್ಬ ಹೊಲಕ್ಕೆ ಹೋಗುತ್ತಾನೆ. ಕೂಲಿಯವರ ಮನೆಯಲ್ಲಿ ಇನ್ನೆರಡು ಕೈ ಸೇರಿದರೆ ಅಷ್ಟು ಹೆಚ್ಚು ಹತ್ತಿ, ಅಷ್ಟು ಹೆಚ್ಚು ದುಡ್ಡು. ಲೆಕ್ಕ ಅಷ್ಟೇ. ಆದರೆ ತಿಂಗಳುಗಟ್ಟಲೆ ತಪ್ಪಿದ ಪಾಠ ಮರಳಿ ಹಿಡಿಯುವುದು ಕಷ್ಟ. ಹಿಂದುಳಿದ ಮಗು ನಾಚಿ ಶಾಲೆಯನ್ನೇ ಬಿಡುತ್ತದೆ.

ವಿಶೇಷವೆಂದರೆ ಸಿನಿಮಾದ ಮಗುವಿಗೂ ಹೊಲದ ಮಗುವಿಗೂ ಕಾನೂನು ಒಂದೇ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ವಿನಾಯಿತಿ ಎರಡೇ: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಸ್ವಂತ ಮನೆಯವರಿಗೆ ನೆರವಾಗಬಹುದು, ಕಲಾವಿದರಾಗಿ ನಟಿಸಬಹುದು. ನಟಿಸುವ ಮಗುವಿಗೂ 2017ರ ನಿಯಮಗಳು ಮಿತಿ ಹಾಕಿವೆ. ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು. ದುಡಿಮೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಓದು ಕೆಡಬಾರದು. ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ನಿಲ್ಲುವ ಮಗುವಿಗೆ ಇಂಥ ಯಾವ ವಿನಾಯಿತಿಯೂ ಇಲ್ಲ.

ಪುನೀತ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡರು. 2022ರ ರಾಜ್ಯೋತ್ಸವದಂದು ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿ ಸಂದಿತು. ಗ್ಯಾದರಿಂಗಿನಲ್ಲಿ ಅವರ ಹಾಡು ಈಗಲೂ ಕೇಳುತ್ತದೆ. ಹಾಡಿದ ಮಗುವಿಗೆ ಪಾಲಕರು, ಗುರುಗಳು ಚಪ್ಪಾಳೆ ತಟ್ಟಲಿ. ಮರುದಿನ ಬೆಳಿಗ್ಗೆ ಹಾಜರಿ ಕೂಗುವಾಗ ಆ ಮಗು ‘ಬಂದೀನಿ’ ಎನ್ನುತ್ತದೆಯೇ ಎಂಬುದನ್ನೂ ಅಷ್ಟೇ ಆಸೆಯಿಂದ ಕೇಳಿಸಿಕೊಳ್ಳಲಿ.